ಗುಂಡಿ ಒತ್ತಿ ಬಂದರೆ ಸಾಕೇ? ವಿಜ್ಞಾನ ಕೇಂದ್ರದ ಭೇಟಿಯ ಬಗ್ಗೆ ನಾಲ್ಕು ಮಾತು



ಶಾಲಾ ಪ್ರವಾಸದ ಪಟ್ಟಿಯಲ್ಲಿ ಈಗ ಒಂದು ವಿಜ್ಞಾನ ಕೇಂದ್ರವೋ ತಾರಾಲಯವೋ ಇದ್ದೇ ಇರುತ್ತದೆ. ಬೆಳಿಗ್ಗೆ ಬೇಗ ಬಸ್ಸು ಹೊರಡುತ್ತದೆ, ದಾರಿಯಲ್ಲಿ ಒಂದು ದೇವಸ್ಥಾನ, ಮಧ್ಯಾಹ್ನಕ್ಕೆ ವಿಜ್ಞಾನ ಕೇಂದ್ರ, ಸಂಜೆ ಬೀಚು. ನೀವೂ ಹೀಗೆ ಮಕ್ಕಳನ್ನು ಕರಕೊಂಡು ಹೋಗಿರಬಹುದು. ನಾನೂ ಹೋದದ್ದುಂಟು. ಮೊದಲ ಸಲ ಹೋದಾಗ 62 ಮಕ್ಕಳು, ಮೂವರು ಅಧ್ಯಾಪಕರು, ಕೈಯಲ್ಲಿದ್ದ ಸಮಯ ಒಂದೂಕಾಲು ಗಂಟೆ. ಮರುದಿನ ತರಗತಿಯಲ್ಲಿ ‘ನೀವು ಕಂಡದ್ದನ್ನು ಬರೆಯಿರಿ’ ಎಂದೆ. ಹೆಚ್ಚಿನವರು ಬಸ್ಸಿನ ಹಾಡು, ಐಸ್‌ಕ್ರೀಂ ಬಗ್ಗೆ ಬರೆದರು. ಒಬ್ಬ ಹುಡುಗ ಮಾತ್ರ ‘ಗುಂಡಿ ಒತ್ತಿದೆ, ಲೈಟ್ ಹತ್ತಿತು’ ಎಂದು ಬರೆದಿದ್ದ. ‘ಲೈಟ್ ಯಾಕೆ ಹತ್ತಿತು ಮಾರಾಯ?’ ಎಂದು ಕೇಳಿದರೆ ಅವನಲ್ಲಿ ಉತ್ತರವಿಲ್ಲ. ನನ್ನಲ್ಲೂ ಇರಲಿಲ್ಲ. ಅವನು ಗುಂಡಿ ಒತ್ತುತ್ತಿದ್ದಾಗ ನಾನು ಮಕ್ಕಳ ತಲೆ ಎಣಿಸುತ್ತಿದ್ದೆ.

ತಪ್ಪು ಕೇಂದ್ರದ್ದೂ ಅಲ್ಲ, ಮಕ್ಕಳದ್ದೂ ಅಲ್ಲ. ಅಲ್ಲಿ ಏನೇನು ಉಂಟು, ಅದರಲ್ಲಿ ನಮಗೆ ಯಾವುದು ಬೇಕು ಎಂದು ಮೊದಲೇ ನೋಡಿಕೊಳ್ಳದ ತಪ್ಪು ನನ್ನದು. ನಮ್ಮ ಎಷ್ಟೋ ಮಕ್ಕಳಿಗೆ ಇಡೀ ಶಾಲಾ ಜೀವನದಲ್ಲಿ ಇಂಥ ಭೇಟಿ ಸಿಗುವುದು ಒಂದೇ ಸಲ. ಅದು ಐಸ್‌ಕ್ರೀಮಿನಲ್ಲಿ ಮುಗಿದುಹೋದರೆ ಮತ್ತೆ ಸಿಗುವುದಿಲ್ಲ. ಅದಕ್ಕಾಗಿ ಈ ಲೇಖನ.

ಗ್ಯಾಲರಿ ಬೇರೆ, ಕಾರ್ಯಕ್ರಮ ಬೇರೆ

ವಿಜ್ಞಾನ ಕೇಂದ್ರ ಎಂದಕೂಡಲೇ ನಮ್ಮ ಕಣ್ಣಿಗೆ ಬರುವುದು ಸಾಲಾಗಿ ಇಟ್ಟ ಮಾದರಿಗಳು. ಅವು ಗ್ಯಾಲರಿಗಳು, ಬಾಗಿಲು ತೆರೆದಿರುವಷ್ಟು ಹೊತ್ತೂ ಇರುತ್ತವೆ. ಇವಲ್ಲದೆ ಇಂಥ ಕೇಂದ್ರಗಳಲ್ಲಿ ಸಾರ್ವಜನಿಕ ಕಾರ್ಯಕ್ರಮಗಳೂ ನಡೆಯುತ್ತವೆ. ಮುಖ್ಯವಾಗಿ ನಾಲ್ಕು ಬಗೆ. ಒಂದು, ಪ್ರಯೋಗ ಪ್ರದರ್ಶನ. ಒಬ್ಬರು ಮೇಜಿನ ಹಿಂದೆ ನಿಂತು ಮಾಡಿ ತೋರಿಸುತ್ತಾರೆ, ಮಕ್ಕಳು ಪ್ರಶ್ನೆ ಕೇಳಬಹುದು. ಎರಡು, ಕಾರ್ಯಾಗಾರ. ಇಲ್ಲಿ ಮಾಡುವ ಕೈ ಮಕ್ಕಳದ್ದೇ ಅಥವಾ ಅಧ್ಯಾಪಕರದ್ದೇ; ಕಡಿಮೆ ಖರ್ಚಿನ ಪಾಠೋಪಕರಣ ತಯಾರಿಯ ಶಿಬಿರಗಳು ಈ ಜಾತಿಗೆ ಸೇರಿದವು. ಮೂರು, ಆಕಾಶ ವೀಕ್ಷಣೆ. ನಾಲ್ಕು, ವಿಶೇಷ ದಿನಗಳ ಸ್ಪರ್ಧೆ, ಉಪನ್ಯಾಸ. ಫೆಬ್ರವರಿ 28 ರಾಷ್ಟ್ರೀಯ ವಿಜ್ಞಾನ ದಿನ, ಮೇ 18 ಅಂತಾರಾಷ್ಟ್ರೀಯ ಮ್ಯೂಸಿಯಂ ದಿನ. ಎರಡನೆಯದು ನಮಗೆ ಬೇಸಿಗೆ ರಜೆಯಲ್ಲಿ ಬರುತ್ತದೆ. ಆದ್ದರಿಂದ ಮಕ್ಕಳು ಮನೆಯವರ ಜತೆ ಹೋಗುವುದಕ್ಕೆ ಒಳ್ಳೆಯ ದಿನ.

ಬಹಳ ಶಾಲೆಗಳು ಗ್ಯಾಲರಿ ಮಾತ್ರ ನೋಡಿ ಬರುತ್ತವೆ, ಕಾರ್ಯಕ್ರಮದ ಸಮಯ ಕೇಳುವುದೇ ಇಲ್ಲ. ನನ್ನ ಅನುಭವದಲ್ಲಿ ಮಕ್ಕಳ ನೆನಪಿನಲ್ಲಿ ನಿಲ್ಲುವುದು ಹೆಚ್ಚಾಗಿ ಈ ಎರಡನೆಯ ಬಗೆಯದ್ದೇ. ಅದರ ಕಾರಣ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗುವಾ.

ಬೈಂಡಿಂಗ್ ಅಂಗಡಿಯ ಹುಡುಗನ ಟಿಕೇಟು

ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆಯಲ್ಲಿ 1812ರಲ್ಲಿ ಹಂಫ್ರಿ ಡೇವಿ ಸಾರ್ವಜನಿಕ ಉಪನ್ಯಾಸ ಕೊಡುತ್ತಿದ್ದರು. ಬರೇ ಭಾಷಣವಲ್ಲ, ಎದುರಲ್ಲೇ ಪ್ರಯೋಗ. ಪ್ರವೇಶಕ್ಕೆ ಟಿಕೇಟು ಬೇಕಿತ್ತು. ಪುಸ್ತಕ ಬೈಂಡಿಂಗ್ ಅಂಗಡಿಯೊಂದರಲ್ಲಿ ಕೆಲಸ ಕಲಿಯುತ್ತಿದ್ದ, ಕಮ್ಮಾರನ ಮಗನಾದ ಒಬ್ಬ ಯುವಕನಿಗೆ ಗಿರಾಕಿಯೊಬ್ಬರು ನಾಲ್ಕು ಉಪನ್ಯಾಸಗಳ ಟಿಕೇಟು ಕೊಟ್ಟರು. ಅವನು ಹೋಗಿ ಕೂತು, ಕೇಳಿದ್ದನ್ನೆಲ್ಲ ಚಿತ್ರಸಮೇತ ಬರೆದುಕೊಂಡ. ಆ ಟಿಪ್ಪಣಿಯನ್ನು ತಾನೇ ಬೈಂಡ್ ಮಾಡಿ ಡೇವಿಯವರಿಗೆ ಕಳುಹಿಸಿದ. 1813ರ ಮಾರ್ಚಿನಲ್ಲಿ ಅದೇ ಸಂಸ್ಥೆಯ ಪ್ರಯೋಗಾಲಯದಲ್ಲಿ ಅವನಿಗೆ ಸಹಾಯಕನ ಕೆಲಸ ಸಿಕ್ಕಿತು. ಅವನೇ ಮೈಕೆಲ್ ಫ್ಯಾರಡೆ. ನಮ್ಮ ಪಾಠಪುಸ್ತಕದ ವಿದ್ಯುತ್ಕಾಂತೀಯ ಪ್ರೇರಣೆಯ ಫ್ಯಾರಡೆ.

ಆ ಸಂಸ್ಥೆಯಲ್ಲಿ 1825ರಲ್ಲಿ ಎಳೆಯರಿಗಾಗಿ ಕ್ರಿಸ್ಮಸ್ ಉಪನ್ಯಾಸಗಳು ಶುರುವಾದವು. ಎರಡನೇ ಮಹಾಯುದ್ಧದ ಕೆಲವು ವರ್ಷ ಬಿಟ್ಟರೆ ಅವು ನಿಲ್ಲದೆ ನಡೆದುಬಂದಿವೆ. ಫ್ಯಾರಡೆ ಸ್ವತಃ 19 ಉಪನ್ಯಾಸ ಮಾಲೆಗಳನ್ನು ನಡೆಸಿಕೊಟ್ಟರು. ಅವರ ಒಂದು ಮಾಲೆಯ ವಿಷಯ ಬರೇ ಒಂದು ಮೋಂಬತ್ತಿ. 1861ರಲ್ಲಿ ಅದು ಪುಸ್ತಕವಾಗಿಯೂ ಬಂತು.

ಆ ಮೋಂಬತ್ತಿಯ ಒಂದು ಪ್ರಯೋಗ ನೀವು ನಾಳೆಯೇ ಮಾಡಬಹುದು. ಗಾಳಿ ಇಲ್ಲದ ಜಾಗದಲ್ಲಿ ಮೋಂಬತ್ತಿ ಹಚ್ಚಿ ಎರಡು ನಿಮಿಷ ಉರಿಯಲು ಬಿಡಿ. ಮೆಲ್ಲಗೆ ಊದಿ ಆರಿಸಿ. ಬಿಳಿ ಹೊಗೆಯ ಎಳೆ ಮೇಲೇಳುತ್ತದೆ. ಉರಿಯುವ ಬೆಂಕಿಕಡ್ಡಿಯನ್ನು ಬತ್ತಿಗೆ ತಾಗಿಸದೆ, ಆ ಹೊಗೆಗೆ ಒಂದೆರಡು ಅಂಗುಲ ಮೇಲೆ ಹಿಡಿಯಿರಿ. ಜ್ವಾಲೆ ಹೊಗೆಯ ದಾರಿಯಲ್ಲಿ ಕೆಳಕ್ಕೆ ಹಾರಿ ಬತ್ತಿಯನ್ನು ಹೊತ್ತಿಸುತ್ತದೆ. ಮಕ್ಕಳು ‘ಮತ್ತೊಮ್ಮೆ ಸರ್’ ಎನ್ನದೆ ಇರುವುದಿಲ್ಲ. ಆಗ ಕೇಳಿ: ಹಾಗಾದರೆ ಉರಿಯುವುದು ಯಾವುದು? ಬತ್ತಿಯೋ, ಮೇಣವೋ, ಹೊಗೆಯೋ? ಆ ಬಿಳಿ ಎಳೆ ಸಾಮಾನ್ಯ ಹೊಗೆಯಲ್ಲ, ಆವಿಯಾದ ಮೇಣ ತಣಿದು ಆದ ಸಣ್ಣ ಸಣ್ಣ ಕಣಗಳು. ಮೋಂಬತ್ತಿಯಲ್ಲಿ ಉರಿಯುವುದು ಮೇಣದ ಆವಿ ಎಂಬ ಮಾತು ಕಣ್ಣೆದುರೇ ಸಾಬೀತಾಗುತ್ತದೆ.

ಪ್ರದರ್ಶನದ ಗುಟ್ಟು ಇಷ್ಟೇ. ಏನಾಗಬಹುದು ಎಂದು ಮಕ್ಕಳು ಮೊದಲು ಮನಸ್ಸಿನಲ್ಲಿ ಊಹಿಸಬೇಕು, ಆದದ್ದು ಬೇರೆಯಾಗಿರಬೇಕು, ಆಮೇಲೆ ಕಾರಣ ಹುಡುಕಬೇಕು. ಗುಂಡಿ ಒತ್ತುವ ಮಾದರಿಯಲ್ಲಿ ಮೊದಲನೆಯ ಹೆಜ್ಜೆಯೇ ತಪ್ಪಿಹೋಗುತ್ತದೆ. ಒಳ್ಳೆಯ ವಿವರಣೆಗಾರ ಅದನ್ನು ತಪ್ಪಲು ಬಿಡುವುದಿಲ್ಲ.

ಮಾಷ್ಟ್ರು ಕಟ್ಟಿದ ಮ್ಯೂಸಿಯಂ

‘ಮುಟ್ಟಿ ನೋಡಿ’ ಎನ್ನುವ ಮ್ಯೂಸಿಯಂ ಹೇಗೆ ಬಂತು ಎಂಬ ಕತೆಯಲ್ಲಿ ನಮಗೆ ಹತ್ತಿರವಾದ ಒಬ್ಬರಿದ್ದಾರೆ. ಫ್ರಾಂಕ್ ಓಪನ್‌ಹೈಮರ್, ಅಣುಬಾಂಬಿನ ಯೋಜನೆಯಿಂದ ಹೆಸರಾದ ರಾಬರ್ಟ್ ಓಪನ್‌ಹೈಮರರ ತಮ್ಮ. ಇವರೂ ಭೌತವಿಜ್ಞಾನಿಯೇ. ರಾಜಕೀಯ ಕಾರಣಕ್ಕೆ 1949ರಲ್ಲಿ ವಿಶ್ವವಿದ್ಯಾಲಯದ ಕೆಲಸ ಬಿಡಬೇಕಾಯಿತು. ಅಮೆರಿಕದ ಕೊಲರಾಡೊ ರಾಜ್ಯದ ಗುಡ್ಡಗಾಡಿನಲ್ಲಿ ದನ ಸಾಕಿಕೊಂಡು ವರ್ಷಗಟ್ಟಲೆ ಕಳೆದರು. ಆಮೇಲೆ ಅಲ್ಲಿಯ ಸಣ್ಣ ಊರಿನ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಷ್ಟ್ರಾದರು. ಲ್ಯಾಬಿನಲ್ಲಿ ಸಾಮಾನಿಲ್ಲ ಎಂದು ಅವರು ಕೈಕಟ್ಟಿ ಕೂರಲಿಲ್ಲ. ಮಕ್ಕಳನ್ನು ಗುಜರಿ ಬಿದ್ದ ಜಾಗಕ್ಕೆ ಕರಕೊಂಡು ಹೋಗಿ, ಹಳೆ ಕಾರಿನ ಬಿಡಿಭಾಗಗಳಿಂದಲೇ ಯಂತ್ರ, ಶಾಖ, ವಿದ್ಯುತ್ತಿನ ಪಾಠ ಮಾಡಿದರು.

ಇದೇ ಮನುಷ್ಯ 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಎಕ್ಸ್‌ಪ್ಲೊರೇಟೋರಿಯಂ ತೆರೆದರು. ಅಲ್ಲಿಯ ಎರಡು ಕ್ರಮಗಳನ್ನು ನಾವು ಗಮನಿಸಬೇಕು. ಮೊದಲನೆಯದು, ಸಂದರ್ಶಕರಿಗೆ ವಿವರಿಸುವ ಕೆಲಸಕ್ಕೆ ಹೈಸ್ಕೂಲು ಮಕ್ಕಳನ್ನೇ ಸಂಬಳ ಕೊಟ್ಟು ನೇಮಿಸಿದರು. ವಿಜ್ಞಾನದಲ್ಲಿ ಮೊದಲ ರ‍್ಯಾಂಕಿನವರೇ ಆಗಬೇಕೆಂದಿರಲಿಲ್ಲ. ದನದ ಕಣ್ಣನ್ನು ಕೊಯ್ದು ಒಳಗಿನ ಮಸೂರ, ಅಕ್ಷಿಪಟ ತೋರಿಸುವ ಅಲ್ಲಿಯ ಹೆಸರಾಂತ ಪ್ರದರ್ಶನವನ್ನು ನಡೆಸುವವರೂ ಇಂಥ ಎಳೆಯರೇ. ಇನ್ನೊಬ್ಬರಿಗೆ ವಿವರಿಸುವವನೇ ಎಲ್ಲರಿಗಿಂತ ಹೆಚ್ಚು ಕಲಿಯುತ್ತಾನೆ ಎನ್ನುವುದು ನಮಗೆ ಹೊಸತಲ್ಲ, ತರಗತಿಯಲ್ಲಿ ದಿನಾ ಕಾಣುತ್ತೇವೆ. ಎರಡನೆಯದು, ತಮ್ಮ ಮಾದರಿಗಳನ್ನು ಹೇಗೆ ತಯಾರಿಸಬೇಕು ಎಂಬುದನ್ನು ಅಡುಗೆ ಪುಸ್ತಕದಂತೆ ಬರೆದು ಹಂಚಿದರು. ಯಾರು ಬೇಕಾದರೂ ನೋಡಿ ಮಾಡಬಹುದು.

ನಮ್ಮ ದೇಶದಲ್ಲೂ ಇದಕ್ಕೆ ಇತಿಹಾಸ ಉಂಟು. 1959ರಲ್ಲಿ ಕೋಲ್ಕತ್ತದ ಬಿರ್ಲಾ ಕೈಗಾರಿಕಾ ಮತ್ತು ತಾಂತ್ರಿಕ ಮ್ಯೂಸಿಯಂ, 1965ರಲ್ಲಿ ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಂ, 1985ರಲ್ಲಿ ಮುಂಬಯಿಯ ನೆಹರೂ ವಿಜ್ಞಾನ ಕೇಂದ್ರ ಬಾಗಿಲು ತೆರೆದವು. ಮಾದರಿಗಳನ್ನು ಬಸ್ಸಿನಲ್ಲಿ ಹೇರಿಕೊಂಡು ಹಳ್ಳಿಶಾಲೆಗೇ ಹೋಗುವ ಸಂಚಾರಿ ಪ್ರದರ್ಶನವೂ 1965ರಷ್ಟು ಹಿಂದೆಯೇ ಶುರುವಾಗಿದೆ. ನಿಮ್ಮ ಶಾಲೆಯಿಂದ ಮಕ್ಕಳನ್ನು ಕರಕೊಂಡು ಹೋಗಲು ಆಗದಿದ್ದರೆ ಆ ಬಸ್ಸನ್ನು ಕೇಳಬಹುದು ಎನ್ನುವುದು ನೆನಪಿರಲಿ.

ಗಡಿನಾಡಿನ ನಮಗೆ ಹತ್ತಿರದವು ಯಾವುವು? ಕಾಸರಗೋಡಿನವರಿಗೆ ಮಂಗಳೂರಿನ ಪಿಲಿಕುಳ, ವಯನಾಡಿನವರಿಗೆ ಕೋಝಿಕ್ಕೋಡಿನ ಕೇಂದ್ರ, ನೀಲಗಿರಿಯವರಿಗೆ ಕೊಯಮತ್ತೂರು, ಹೊಸೂರು, ಮಡಕಶಿರಾದವರಿಗೆ ಬೆಂಗಳೂರು, ಅಕ್ಕಲಕೋಟೆಯವರಿಗೆ ಸೊಲ್ಲಾಪುರ ಇಲ್ಲವೇ ಕಲಬುರಗಿ, ತೆಲಂಗಾಣದ ಗಡಿಯವರಿಗೆ ಕಲಬುರಗಿ ಇಲ್ಲವೇ ಹೈದರಾಬಾದು, ಗೋವಾದವರಿಗೆ ಮೀರಾಮಾರಿನ ವಿಜ್ಞಾನ ಕೇಂದ್ರ. ಪಿಲಿಕುಳದಲ್ಲಿ ತಾರಾಲಯದ ಜತೆಗೆ ಕುಶಲಕರ್ಮಿಗಳ ಗ್ರಾಮವೂ ಉಂಟು. ಕುಂಬಾರನ ಚಕ್ರ ನೋಡಿದರೆ ಒಂದು ಸಲ ತಿರುಗಿಸಿದ್ದು ಯಾಕೆ ಅಷ್ಟು ಹೊತ್ತು ತಿರುಗುತ್ತದೆ ಎಂದು ಮಕ್ಕಳಲ್ಲಿ ಕೇಳಿ. ಜಡತ್ವದ ಪಾಠ ಅಲ್ಲೇ ಆಯಿತು.

ಲೋಲಕದ ಮುಂದೆ ಎರಡು ಗಂಟೆ

ಅವಸರ ಯಾಕೆ ಕೂಡದು ಎಂಬುದಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. ಕೆಲವು ದೊಡ್ಡ ವಿಜ್ಞಾನ ಮ್ಯೂಸಿಯಂಗಳಲ್ಲಿ ಉದ್ದದ ತಂತಿಗೆ ಭಾರದ ಗುಂಡು ಕಟ್ಟಿದ ಫೂಕೋ ಲೋಲಕ ಇರುತ್ತದೆ. 1851ರಲ್ಲಿ ಲಿಯೋನ್ ಫೂಕೋ ಪ್ಯಾರಿಸ್ಸಿನ ಪ್ಯಾಂಥಿಯೋನ್ ಕಟ್ಟಡದಲ್ಲಿ 67 ಮೀಟರ್ ತಂತಿಗೆ 28 ಕಿಲೋದ ಗುಂಡು ಕಟ್ಟಿ ತೂಗಾಡಿಸಿ, ಭೂಮಿ ತಿರುಗುವುದನ್ನು ಊರ ಜನರಿಗೆಲ್ಲ ತೋರಿಸಿಕೊಟ್ಟದ್ದು ಇದರಿಂದಲೇ. ಲೋಲಕ ತೂಗುವ ದಿಕ್ಕು ಗಂಟೆ ಕಳೆದಂತೆ ನಿಧಾನಕ್ಕೆ ತಿರುಗುತ್ತದೆ. ತಿರುಗಿಸುವುದು ಅದರ ಕೆಳಗಿನ ನೆಲ.

ಮಕ್ಕಳು ಇದರ ಮುಂದೆ ಒಂದು ನಿಮಿಷ ನಿಂತು ‘ಏನೂ ಆಗುವುದಿಲ್ಲ’ ಎಂದು ಮುಂದೆ ಹೋಗುತ್ತಾರೆ. ಅವರು ಹೇಳುವುದು ಸರಿಯೇ, ಒಂದು ನಿಮಿಷದಲ್ಲಿ ಏನೂ ಕಾಣುವುದಿಲ್ಲ. ಲೆಕ್ಕ ಮಾಡಿ: ಗಂಟೆಗೆ ಆಗುವ ತಿರುಗುವಿಕೆ ಎಂದರೆ 15 ಡಿಗ್ರಿಯನ್ನು ಆ ಊರಿನ ಅಕ್ಷಾಂಶದ ಸೈನ್ ಬೆಲೆಯಿಂದ ಗುಣಿಸಿದಷ್ಟು. ಪ್ಯಾರಿಸ್ಸಿನಲ್ಲಿ ಅದು ಗಂಟೆಗೆ ಸುಮಾರು 11 ಡಿಗ್ರಿ. ಕಾಸರಗೋಡು ಇರುವುದು ಸುಮಾರು 12.5 ಡಿಗ್ರಿ ಅಕ್ಷಾಂಶದಲ್ಲಿ, ಇಲ್ಲಿ ಗಂಟೆಗೆ ಬರೇ 3.25 ಡಿಗ್ರಿ. ಸೊಲ್ಲಾಪುರದಲ್ಲಿ ಸುಮಾರು 4.6. ನಮ್ಮಲ್ಲಿ ಲೋಲಕದ ದಿಕ್ಕು ಒಂದು ಪೂರ್ತಿ ಸುತ್ತು ಬರಲು ನಾಲ್ಕೂವರೆ ದಿನಕ್ಕಿಂತಲೂ ಹೆಚ್ಚು ಬೇಕು.

ಆದ್ದರಿಂದ ಒಳಗೆ ಹೋದಕೂಡಲೇ ಮೊದಲು ಲೋಲಕದ ಹತ್ತಿರ ಹೋಗಿ. ಈಗ ಅದು ಯಾವ ಗುರುತಿನ ಮೇಲೆ ಹಾಯುತ್ತಿದೆ ಎಂದು ಮಕ್ಕಳು ಬರೆದುಕೊಳ್ಳಲಿ. ಗ್ಯಾಲರಿ ನೋಡಿ, ಪ್ರದರ್ಶನ ನೋಡಿ, ಊಟ ಮುಗಿಸಿ ಎರಡು ಗಂಟೆಯ ನಂತರ ಮತ್ತೆ ಬನ್ನಿ. ಆರೂವರೆ ಡಿಗ್ರಿ ಸರಿದಿರುತ್ತದೆ. ನಡುವಿನಿಂದ ಒಂದು ಮೀಟರ್ ದೂರದಲ್ಲಿ ನೋಡಿದರೆ ಸುಮಾರು 11 ಸೆಂಟಿಮೀಟರ್. ನಾವು ಊಟ ಮಾಡುತ್ತಿದ್ದಾಗ ನೆಲ ತಿರುಗಿತ್ತು ಎಂದು ಮಕ್ಕಳಿಗೆ ಆಗ ಗೊತ್ತಾಗುತ್ತದೆ. ಒಂದೂಕಾಲು ಗಂಟೆಯಲ್ಲಿ ಎಲ್ಲವನ್ನೂ ಓಡಿ ನೋಡುವ ಗುಂಪಿಗೆ ಇದು ಕಾಣುವುದೇ ಇಲ್ಲ.

ಭಾಷೆಯ ವಿಷಯ

ಇದು ಗಡಿನಾಡಿನ ಕನ್ನಡ ಮಾಧ್ಯಮದವರಾದ ನಮ್ಮದೇ ಸಮಸ್ಯೆ. ನಮ್ಮ ಮಕ್ಕಳು ‘ಒತ್ತಡ’ ಎಂದು ಕಲಿತಿರುತ್ತಾರೆ. ಆಯಾ ರಾಜ್ಯದ ಕೇಂದ್ರಕ್ಕೆ ಹೋದರೆ ಅದು ಮಲಯಾಳದಲ್ಲಿ ‘ಮರ್ದಂ’, ಮರಾಠಿಯಲ್ಲಿ ‘ದಾಬ’, ತೆಲುಗಿನಲ್ಲಿ ‘ಪೀಡನಂ’, ತಮಿಳಿನಲ್ಲಿ ‘ಅಳುತ್ತಂ’. ಮಾತಾಡಲು ಮಕ್ಕಳಿಗೆ ಆ ಭಾಷೆ ಬರಬಹುದು, ಆದರೆ ವಿಜ್ಞಾನದ ಶಬ್ದ ಹೊಸತು. ಅವರು ಸುಮ್ಮನಾಗುತ್ತಾರೆ. ವಿವರಣೆ ಕೊಡುವವರು ‘ಈ ಮಕ್ಕಳಿಗೆ ಏನೂ ಗೊತ್ತಿಲ್ಲ’ ಎಂದುಕೊಳ್ಳುತ್ತಾರೆ. ಅದಕ್ಕಿಂತ ಕಷ್ಟದ್ದು, ಮಕ್ಕಳೂ ಹಾಗೇ ಅಂದುಕೊಳ್ಳುತ್ತಾರೆ.

ಕೆಲವು ಶಬ್ದಗಳು ಗೊಂದಲವನ್ನೂ ಮಾಡುತ್ತವೆ. ನಮ್ಮ ‘ಶಕ್ತಿ’ ಮಲಯಾಳದಲ್ಲಿ ‘ಊರ್ಜಂ’, ಮರಾಠಿಯಲ್ಲಿ ‘ಊರ್ಜಾ’, ತಮಿಳಿನಲ್ಲಿ ‘ಆಟ್ರಲ್’. ತೆಲುಗಿನಲ್ಲಿ ಮಾತ್ರ ಶಕ್ತಿಯೇ. ‘ಬಲ’ ಹೆಚ್ಚಿನ ಕಡೆ ಬಲವೇ, ತಮಿಳಿನಲ್ಲಿ ‘ವಿಸೈ’. ಹೋಗುವ ಹಿಂದಿನ ದಿನ ಇಂಥ ಇಪ್ಪತ್ತು ಶಬ್ದಗಳ ಪಟ್ಟಿ ಬೋರ್ಡಿನ ಮೇಲೆ ಬರೆಯಿರಿ: ಕನ್ನಡ, ರಾಜ್ಯ ಭಾಷೆ, ಇಂಗ್ಲಿಷ್. ಅರ್ಧ ಗಂಟೆಯ ಕೆಲಸ. ಮರುದಿನ ಅಲ್ಲಿ ಕೈ ಎತ್ತುವ ಮಕ್ಕಳ ಸಂಖ್ಯೆ ನೋಡಿದರೆ ನಿಮಗೇ ಗೊತ್ತಾಗುತ್ತದೆ. ಕರ್ನಾಟಕದ ಕೇಂದ್ರಗಳಿಗೆ ಹೋಗುವುದಾದರೆ, ಕನ್ನಡದಲ್ಲಿ ವಿವರಿಸುವವರು ಬೇಕೆಂದು ಮೊದಲೇ ಕೇಳಿಡಿ. ಪಾಠಪುಸ್ತಕದ ಶಬ್ದವನ್ನು ಶಾಲೆಯ ಹೊರಗೆ ಇನ್ನೊಬ್ಬರ ಬಾಯಿಯಿಂದ ಕೇಳುವುದು ನಮ್ಮ ಮಕ್ಕಳಿಗೆ ಅಪರೂಪ. ನಾವು ಕಲಿಯುವ ಕನ್ನಡ ಪರೀಕ್ಷೆಗೆ ಮಾತ್ರ ಇರುವುದಲ್ಲ ಎಂದು ಅವರಿಗೆ ಆಗ ಅನಿಸುತ್ತದೆ.

ಶಾಲೆಯ ಅಂಗಳದಲ್ಲೇ ಕಾರ್ಯಾಗಾರ

2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣ ನಿಮಗೆ ನೆನಪಿರಬಹುದು. ಗ್ರಹಣದ ಪಥ ಮಂಗಳೂರು, ಕಾಸರಗೋಡು, ಮಡಿಕೇರಿ, ವಯನಾಡು, ನೀಲಗಿರಿಯ ಮೇಲೆಯೇ ಹಾದುಹೋಯಿತು. ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ಸೂರ್ಯ ಬಳೆಯಂತೆ ಕಂಡ. ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ನೋಡಲೆಂದೇ ಜನ ಸೇರಿದ್ದರು. ಆದರೆ ಕ್ರಿಸ್ಮಸ್ ರಜೆ, ಶಾಲೆಗೆ ಬಾಗಿಲು. ಎಷ್ಟೋ ಮನೆಗಳಲ್ಲೂ ಬಾಗಿಲು, ಕಿಟಕಿ ಮುಚ್ಚಿಕೊಂಡು ಕೂತರು. ಮರದ ಕೆಳಗೆ ಎಲೆಗಳ ಸಂದಿನಿಂದ ನೆಲಕ್ಕೆ ಬಿದ್ದ ಬೆಳಕಿನ ಚುಕ್ಕೆ ಒಂದೊಂದೂ ಒಂದೊಂದು ಬಳೆಯಾಗಿದ್ದದ್ದನ್ನು ನೋಡುವ ಅವಕಾಶ ಮನೆಯಂಗಳದಲ್ಲೇ ಇತ್ತು. 2031ರ ಮೇ 21ರಂದು ಇನ್ನೊಂದು ಕಂಕಣ ಗ್ರಹಣ ಕೇರಳದ ದಕ್ಷಿಣ ಭಾಗ, ಮಧುರೆ ಕಡೆಯಿಂದ ಹಾದುಹೋಗಲಿದೆ. ನಮ್ಮ ಮಕ್ಕಳು ಅದಕ್ಕಾದರೂ ಬಾಗಿಲು ತೆರೆಯಲಿ.

ಆ ಬೆಳಕಿನ ಚುಕ್ಕೆಯ ವಿಜ್ಞಾನಕ್ಕೆ ಗ್ರಹಣ ಬೇಕಿಲ್ಲ. ಬಿಸಿಲಿದ್ದರೆ ಸಾಕು. ಒಂದು ಸಣ್ಣ ಕನ್ನಡಿ ತನ್ನಿ. ಅದರ ಮೇಲೆ ಕಪ್ಪು ಕಾಗದ ಅಂಟಿಸಿ, ನಡುವೆ ಐದು ಮಿಲಿಮೀಟರಿನ ಚೌಕ ತೂತು ಕೊಯ್ಯಿರಿ. ಅಂಗಳದಲ್ಲಿ ಕನ್ನಡಿ ಹಿಡಿದು ಬೆಳಕನ್ನು ಕತ್ತಲೆ ಮಾಡಿದ ತರಗತಿಯೊಳಗೆ ಬಿಡಿ. ಗೇಣು ದೂರದಲ್ಲಿ ಕಾಗದ ಹಿಡಿದರೆ ಚುಕ್ಕೆ ಚೌಕ. ಹತ್ತು ಮೀಟರ್ ದೂರದ ಗೋಡೆಯಲ್ಲಿ ಅದೇ ಚುಕ್ಕೆ ದುಂಡು! ತೂತು ಚೌಕ, ಚುಕ್ಕೆ ಯಾಕೆ ದುಂಡು? ಮಕ್ಕಳು ಜಗಳಾಡಲಿ, ಉತ್ತರ ಬೇಗ ಹೇಳಬೇಡಿ. ಅದು ತೂತಿನ ಆಕಾರವಲ್ಲ, ಸೂರ್ಯನ ಬಿಂಬ.

ಈಗ ಅಳೆಯಿರಿ. ಬೆಳಕು ಗೋಡೆಗೆ ಓರೆಯಾಗಿ ಬಿದ್ದಿದ್ದರೆ ಬಿಂಬ ಮೊಟ್ಟೆಯಂತಿರುತ್ತದೆ, ಆಗ ಕಡಿಮೆ ಅಗಲವನ್ನು ತೆಗೆದುಕೊಳ್ಳಿ. ಅಂಚು ಮಸುಕಾಗಿರುವುದರಿಂದ ತೂತಿನ ಅಗಲವನ್ನು ಕಳೆಯಿರಿ. ಹತ್ತು ಮೀಟರ್ ದೂರಕ್ಕೆ ಸುಮಾರು 9.3 ಸೆಂಟಿಮೀಟರ್ ಸಿಗಬೇಕು. ಅಂದರೆ ಬಿಂಬದ ಅಗಲ ದೂರದ 108ರಲ್ಲಿ ಒಂದು ಪಾಲು. ಸೂರ್ಯನಿಗೂ ಇದೇ ಅನುಪಾತ. ಸೂರ್ಯ ಇರುವುದು ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿ. 108ರಿಂದ ಭಾಗಿಸಿದರೆ ಸುಮಾರು 13.9 ಲಕ್ಷ ಕಿಲೋಮೀಟರ್. ಸೂರ್ಯನ ವ್ಯಾಸ! ಪುಸ್ತಕದಲ್ಲಿ ಇರುವುದೂ ಅದೇ. ಒಂದು ಕನ್ನಡಿಚೂರು, ಒಂದು ಸ್ಕೇಲು, ಏಳನೇ ತರಗತಿಯ ಅನುಪಾತದ ಲೆಕ್ಕ, ಇಷ್ಟೇ ಸಾಮಾನು. ಒಂದೇ ಎಚ್ಚರ: ಮಕ್ಕಳು ಸೂರ್ಯನನ್ನಾಗಲಿ ಕನ್ನಡಿಯೊಳಗಿನ ಸೂರ್ಯನನ್ನಾಗಲಿ ನೋಡಕೂಡದು, ಬೆಳಕನ್ನು ಯಾರ ಕಣ್ಣಿಗೂ ಬಿಡಕೂಡದು. ಕನ್ನಡಿ ನಿಮ್ಮ ಕೈಯಲ್ಲೇ ಇರಲಿ.

ಹೋಗುವ ಮೊದಲು, ಹೋದಾಗ, ಬಂದ ಮೇಲೆ

ಮಕ್ಕಳು ಹೊಸ ಜಾಗಕ್ಕೆ ಹೋದಾಗ ಮೊದಲು ನೋಡುವುದು ಆ ಜಾಗವನ್ನೇ. ಮೆಟ್ಟಿಲೆಲ್ಲಿ, ನೀರೆಲ್ಲಿ, ಶೌಚಾಲಯ ಎಲ್ಲಿ, ಅಂಗಡಿ ಎಲ್ಲಿ. ಇದು ತುಂಟತನವಲ್ಲ, ಸಹಜ. ಮೊದಲೇ ಒಂದು ನಕ್ಷೆ ಬರೆದು ತೋರಿಸಿ, ಊಟ ಎಷ್ಟು ಗಂಟೆಗೆ, ಎಲ್ಲಿ ಎಂದು ಹೇಳಿಬಿಟ್ಟರೆ ಅರ್ಧ ಗಲಾಟೆ ಕಡಿಮೆ. ಆದರೆ ನೀವೊಬ್ಬರಾದರೂ ಮೊದಲು ಹೋಗಿ ನೋಡಿ ಬಂದಿರಬೇಕು.

ಪ್ರದರ್ಶನ, ಕಾರ್ಯಾಗಾರದ ಸಮಯ ಕೇಳಿ ಸೀಟು ಹೇಳಿಡಿ. ಒಂದೇ ಬಸ್ಸಿನ ಮಕ್ಕಳನ್ನು ಐದೈದರ ಗುಂಪು ಮಾಡಿ, ಪ್ರತಿ ಗುಂಪಿಗೆ ಒಂದೇ ಒಂದು ಮಾದರಿ ಕೊಡಿ. ಅದನ್ನು ಬಿಚ್ಚಿ ಹೇಳುವ ಹೊಣೆ ಅವರದ್ದು. ಉಳಿದದ್ದನ್ನು ಸುಮ್ಮನೆ ನೋಡಲಿ, ಆಡಲಿ. ಹಾಳೆ ತುಂಬಿಸುವ ಕೆಲಸ ಕೊಡಬೇಡಿ. ಬೋರ್ಡಿನಲ್ಲಿದ್ದದ್ದನ್ನು ನಕಲು ಮಾಡುವುದರಲ್ಲೇ ಹೊತ್ತು ಹೋಗುತ್ತದೆ. ‘ಉತ್ತರ ಸಿಗದ ಒಂದು ಪ್ರಶ್ನೆ ತನ್ನಿ’ ಎಂದರೆ ಸಾಕು.

ಬಂದ ಮೇಲೆ ವಾರದೊಳಗೆ ಒಂದು ಪೀರಿಯಡ್ ಅದಕ್ಕೇ ಇಡಿ. ಪ್ರತಿ ಗುಂಪು ತಾನು ನೋಡಿದ ಮಾದರಿಯನ್ನು ಕೈಗೆ ಸಿಕ್ಕಿದ ಸಾಮಾನಿನಿಂದ ಮಾಡಿ, ಕೆಳಗಿನ ತರಗತಿಯ ಮಕ್ಕಳಿಗೆ ವಿವರಿಸಲಿ. ಬಸ್ಸಿಗೆ ಹಣ ಕಟ್ಟಲಾಗದೆ ಮನೆಯಲ್ಲೇ ಉಳಿದ ಮಕ್ಕಳು ನಮ್ಮ ಪ್ರತಿ ತರಗತಿಯಲ್ಲೂ ನಾಲ್ಕೈದು ಇರುತ್ತಾರೆ. ಅವರನ್ನು ಮೊದಲ ಸಾಲಿನಲ್ಲಿ ಕೂರಿಸಿ, ಮೊದಲ ಪ್ರಯೋಗ ಅವರ ಕೈಯಲ್ಲೇ ಮಾಡಿಸಿ.

ಎರಡನೆಯ ಸಲ ನಾನು ಹೋದದ್ದು 40 ಮಕ್ಕಳ ಜತೆ. ದೇವಸ್ಥಾನ, ಬೀಚು ಎರಡನ್ನೂ ಬಿಟ್ಟು ಇಡೀ ದಿನ ಒಂದೇ ಕಡೆ. ಮನೆಯವರಿಗೆ ಸ್ವಲ್ಪ ಬೇಸರವಾಯಿತು, ಮಕ್ಕಳಿಗೂ ಬೀಚಿನ ಆಸೆ ಇತ್ತು, ಅದು ಸುಳ್ಳಲ್ಲ. ಆದರೆ ಮರುವಾರ ಒಬ್ಬಳು ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದು, ‘ಸರ್, ಆ ಮೋಂಬತ್ತಿ ಹೊಗೆ ತೆಂಗಿನೆಣ್ಣೆ ದೀಪಕ್ಕೂ ಆಗ್ತದಾ?’ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಮಾಡಿ ನೋಡುವಾ ಎಂದು ಇಬ್ಬರೂ ಲ್ಯಾಬಿಗೆ ಹೋದೆವು.

ಉತ್ತರವನ್ನು ನಾನು ಇಲ್ಲಿ ಬರೆಯುವುದಿಲ್ಲ. ನಿಮ್ಮ ತರಗತಿಯಲ್ಲೂ ಮಾಡಿ ನೋಡಿ. ಮಕ್ಕಳು ಏನು ಕಂಡರೆಂದು ಮುಂದಿನ ಸಂಚಿಕೆಗೆ ಬರೆದು ಕಳುಹಿಸಿ.